ಕಬ್ಬಿಣದ ಮೈಲಿಗೆ

ಟ್ರೋನ್‌ಹೈಮಿನಲ್ಲಿ ಜನವರಿಯೆಂದರೆ
ಹತ್ತಕ್ಕೆ ಬೆಳಗಾಗಿ ಮೂರಕ್ಕೆ ಮುಗಿದುಹೋಗುವ ಹಗಲು.
ಕಿಟಕಿಯಾಚೆ ಹೊಳೆ
ಅಂಚಿಗೆಲ್ಲ ಮಂಜುಗಡ್ಡೆ ಕಟ್ಟಿಕೊಂಡು
ನಡುವೆ ಮಾತ್ರ ಕಪ್ಪಗೆ ಹರಿಯುತ್ತದೆ.
ಈಚೆ, ಮೂರು ಸಲ ಸೋಸಿದ ನೀರನ್ನು
ಸೀಳಲು ಕೂತಿದ್ದೇನೆ.

ಒಂದೂಕಾಲು ವೋಲ್ಟಿಗೂ ಚೂರು ಕಡಿಮೆ ಸಾಕು
ಎನ್ನುತ್ತದೆ ಪುಸ್ತಕ.
ಪುಸ್ತಕ ಎಂದೂ ಈ ಬಾಗಿಲಲ್ಲಿ ನಿಂತಿಲ್ಲ.

ಋಣಾಗ್ರದಿಂದ ಜಲಜನಕ
ಹೇಳದೆ ಕೇಳದೆ ಎದ್ದು ಹೊರಡುತ್ತದೆ.
ಧನಾಗ್ರದಲ್ಲಿ ಹಾಗಲ್ಲ:
ಒಂಟಿ ಒಂಟಿ ಆಮ್ಲಜನಕವನ್ನು ಹುಡುಕಿ
ಜೋಡಿ ಮಾಡಿ ಕಳಿಸಬೇಕು,
ನಾಲ್ಕು ಎಲೆಕ್ಟ್ರಾನು ಬಿಡಿಸಿಕೊಳ್ಳಬೇಕು,
ಒಂದೊಂದು ಮೆಟ್ಟಿಲಿಗೂ ಸುಂಕ.
ಸುಂಕದವನ ಮುಂದೆ ಸುಖದುಃಖ ತೋಡಿಕೊಂಡು ಏನು ಬಂತು?
ಮೀಟರು ನೋಡುತ್ತೇನೆ:
ನಾನೂರ ಹನ್ನೊಂದು ಮಿಲಿವೋಲ್ಟು, ಹೆಚ್ಚುವರಿ.

ಇರಿಡಿಯಂ ಆಗಿದ್ದರೆ ಇಷ್ಟು ಗೊಣಗುತ್ತಿರಲಿಲ್ಲ.
ಇರಿಡಿಯಂ ಕೊಳ್ಳುವ ಮುಖವೇ ನಮ್ಮದು?

ತುರಿಡಳ ಕಂಪ್ಯೂಟರಿನಲ್ಲಿ ಒಂದು ಗುಡ್ಡವಿದೆ.
ಈ ಇಳಿಜಾರಿನಲ್ಲಿ ಹಿಡಿದದ್ದನ್ನು ಬಿಡಲಾರದ ಲೋಹಗಳು,
ಆ ಇಳಿಜಾರಿನಲ್ಲಿ ಹಿಡಿಯಲೇ ಆರದವು.
ನೆತ್ತಿಯಲ್ಲಿ ಯಾರೂ ಇಲ್ಲ.

ಹೋದ ಶರತ್ಕಾಲ ಇದೇ ನಿಕಲ್ ಆಕ್ಸೈಡು
ಇನ್ನೂರೆಪ್ಪತ್ತೆರಡಕ್ಕೇ ನೀರು ಸೀಳಿತ್ತು.
ಯಾರೋ ಪರೀಕ್ಷಕ ಬರೆದ:
ದ್ರಾವಣ ಶುದ್ಧವೆಂದು ತೋರಿಸಿ.
ಸರಿ, ಮಡಿಗೆ ಇಳಿದೆವು.
ನಿಕಲ್ಲಿನ ಹಸಿರು ಹಿಟ್ಟು ಕಲಸಿ, ಕುಲುಕಿ,
ಕಬ್ಬಿಣವನ್ನೆಲ್ಲ ಅದಕ್ಕೆ ಹೀರಿಸಿ
ತಿಳಿಯನ್ನಷ್ಟೇ ಬಸಿದೆವು.
ಗಾಜೂ ಕಬ್ಬಿಣ ಬಿಡುತ್ತದಂತೆ—
ಐಲಿಫ್ ಊದಿಕೊಟ್ಟ ಪಾತ್ರೆಯನ್ನೂ ಹೊರಗಿಟ್ಟೆವು,
ಪ್ಲಾಸ್ಟಿಕ್ಕು ತಂದೆವು.

ಮಡಿಯುಟ್ಟ ನಿಕಲ್ಲು
ಮೂಲೆಯಲ್ಲಿ ಕೂತುಬಿಟ್ಟಿತು.
'ಹಳೇ ಪ್ರಬಂಧಗಳಲ್ಲೇ ಇದೆಯಲ್ಲ' ಎಂದಳು ತುರಿಡ್,
'ದುಡಿಯುವುದು ಕಬ್ಬಿಣ, ಹೆಸರು ನಿಕಲ್ಲಿಗೆ.'
ನಾನೂ ಓದಿದ್ದೆ.
ಓದಿದ್ದು ಬೇರೆ,
ಮಧ್ಯರಾತ್ರಿ ಆ ಸತ್ತ ಗೆರೆಯ ಮುಂದೆ ಕೂತದ್ದು ಬೇರೆ.

ಐಲಿಫ್ ಬಂದ, ಗುರುವಾರವಲ್ಲದಿದ್ದರೂ.
ಕಣಿವೆಯ ಗೊಬ್ಬರದ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ನೀರು ಸೀಳುವ ತೊಟ್ಟಿ ಕಾದವನು,
ಈಗ ವಾರಕ್ಕೆರಡು ದಿನ ನಮಗೆ ಗಾಜು ಊದುತ್ತಾನೆ.
ಹೊರಗಿಟ್ಟ ಪಾತ್ರೆಯನ್ನು ಬೆಳಕಿಗೆ ಹಿಡಿದು
ಬಿರುಕು ಹುಡುಕಿದ. ಇರಲಿಲ್ಲ.
ಆಮೇಲೆ, ನನಗಲ್ಲ, ಪಾತ್ರೆಗೆ ಹೇಳುವ ಹಾಗೆ:

'ಹೊಸ ತೊಟ್ಟಿ ಹೊಸ ಮರದ ದೋಣಿ ಇದ್ದಂತೆ.
ನೆನೆದು ಉಬ್ಬುವತನಕ ಸೋರುತ್ತೆ.
ನಾವು ಹಳೇ ಕೊಳವೆಯ ಕೆಂಪು ನೀರು
ಒಂದು ಚೊಂಬು ಸುರೀತಿದ್ದೆವು, ರಾತ್ರಿ ಪಾಳಿಯಲ್ಲಿ.
ಇಂಜಿನಿಯರಿಗೆ ಹೇಳ್ತಿರಲಿಲ್ಲ.'

ಹತ್ತು ಲಕ್ಷದಲ್ಲಿ ಒಂದು ಪಾಲು.
ಪಿಪೆಟ್ಟಿನ ತುದಿಯಿಂದ ಬಿಟ್ಟೆ,
ಕದ್ದು ಉಪ್ಪು ಹಾಕುವವಳಂತೆ.
ಮುನ್ನೂರ ತೊಂಬತ್ತು.
ಮುನ್ನೂರ ನಲವತ್ತಾರು.
ಕಾಫಿ ಆರಿತು.
ಮುನ್ನೂರ ಎರಡು.
ಲೋಹದ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆ,
ಇನ್ನೊಂದು,
ಆಮೇಲೆ ಎಣಿಸುವುದನ್ನು ಬಿಟ್ಟೆ.

ಪಕ್ಕದ ಕೋಣೆಯಲ್ಲಿ ಐಲಿಫ್ ಗಾಜಿನ ನಳಿಗೆಯನ್ನು
ಜ್ವಾಲೆಯ ಮೇಲೆ ಹೊರಳಿಸುತ್ತಿದ್ದ.
ಬಿಗಿಹಿಡಿದರೆ ತಿರುಚುತ್ತದೆ, ಸಡಿಲಬಿಟ್ಟರೆ ಜೋಲುತ್ತದೆ.
ಅವನ ಬೆರಳುಗಳು ಹಿಡಿದಿದ್ದವೋ ಬಿಟ್ಟಿದ್ದವೋ
ನನಗೆ ತಿಳಿಯಲಿಲ್ಲ.

ಕಬ್ಬಿಣ ಎಲ್ಲಿ ಕೂತಿದೆ?
ಪದರದ ಅಂಚಿನಲ್ಲೋ, ಮುರಿದ ಮೂಲೆಯಲ್ಲೋ, ನಡುವಿನಲ್ಲೋ—
ಆ ಜಗಳ ಇನ್ನೂ ಹರಿದಿಲ್ಲ.
ಕೂತದ್ದೂ ನಿಲ್ಲುವುದಿಲ್ಲ.
ಸಂಜೆಯ ಹೊತ್ತಿಗೆ ಕರಗಿ ಕರಗಿ ಇಳಿದುಹೋಗಿ
ಅಂಕಿ ಮತ್ತೆ ಏರತೊಡಗಿತು:
ಇನ್ನೂರೆಪ್ಪತ್ತೊಂದು, ಎಪ್ಪತ್ನಾಲ್ಕು.
ನಾಳೆ ಇನ್ನೊಂದು ಹನಿ.

ಕೋಟು ಹಾಕಿಕೊಳ್ಳುತ್ತಾ ಐಲಿಫ್ ಎಚ್ಚರಿಸಿದ:
'ಇಂಜಿನಿಯರಿಗೆ ಹೇಳಬೇಡ.'
ನಾನೇ ಇಂಜಿನಿಯರು, ಎಂದೆ.
ಬಾಗಿಲಲ್ಲಿ ಒಂದು ಗಳಿಗೆ ನಿಂತ.
'ಹಾಗಾದರೆ ನಿನಗೂ ಹೇಳಬಾರದಿತ್ತು.'